ಜಾಕ್ ರಸೆಲ್ ಪಾದ್ರಿಗಳು

ನಮ್ಮ ಅಜ್ಜಂದಿರ ಕಾಲದಲ್ಲಿ ಗ್ರಾಮಫೋನು ಇದ್ದ ಮನೆಗಳಲ್ಲಿ, ನಾಟಕದ ಹಾಡನ್ನೋ ದಾಸರ ಪದವನ್ನೋ ಕೇಳಲು ಕುಳಿತ ಮಕ್ಕಳ ಕಣ್ಣಿಗೆ ಮೊದಲು ಬೀಳುತ್ತಿದ್ದುದು ತಟ್ಟೆಯ ನಡುವಿನ ಚೀಟಿಯ ಮೇಲಿದ್ದ ಒಂದು ನಾಯಿ. ಕಹಳೆಯ ಬಾಯಿಗೆ ಮುಖವೊಡ್ಡಿ, ಕತ್ತನ್ನು ತುಸು ಓರೆಮಾಡಿ, ಏನನ್ನೋ ಆಲಿಸುತ್ತ ಕುಳಿತ ಬಿಳಿಯ ಮೈಯ, ಕರಿಯ ಕಿವಿಯ ನಾಯಿ. ಅದರ ಹೆಸರು ನಿಪ್ಪರ್. 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿ 1895ರಲ್ಲಿ ಸತ್ತಿತು. ಫ್ರಾನ್ಸಿಸ್ ಬರಾಡ್ ಎಂಬ ಚಿತ್ರಕಾರರು ಅದರ ಚಿತ್ರವನ್ನು ಬರೆದದ್ದು ಅದು ಸತ್ತು ಮೂರು ವರ್ಷವಾದ ಮೇಲೆ; ಗ್ರಾಮಫೋನ್ ಕಂಪನಿಯವರು ಅದನ್ನು ಕೊಂಡದ್ದು 1899ರಲ್ಲಿ. ನಿಪ್ಪರ್ ಶುದ್ಧ ಜಾತಿಯ ನಾಯಿಯಲ್ಲ. ಆದರೆ ಅದರ ಮೈಯಲ್ಲಿ ಜಾಕ್ ರಸೆಲ್ ಟೆರಿಯರ್ ಜಾತಿಯ ರಕ್ತವಿತ್ತೆಂದು ಬಹಳ ಜನ ಎಣಿಸುತ್ತಾರೆ.

ಈ ಜಾಕ್ ರಸೆಲ್ ಯಾರು? ಇಂಗ್ಲೆಂಡಿನ ಪರವಾಗಿ ವಿಕೆಟ್ ಕಾಯ್ದ ಕ್ರಿಕೆಟ್ ಆಟಗಾರರೊಬ್ಬರು ಕೆಲವರ ನೆನಪಿಗೆ ಬಂದಾರು. ನಾವು ಹೇಳಹೊರಟಿರುವವರು ಅವರಲ್ಲ. ಅವರಿಗಿಂತ ಒಂದೂವರೆ ಶತಮಾನಕ್ಕೂ ಹಿಂದೆ ಹುಟ್ಟಿದ ಒಬ್ಬ ಹಳ್ಳಿಯ ಪಾದ್ರಿ. ಇಂದು ಮುಂಬಯಿ, ಪುಣೆಗಳ ಫ್ಲ್ಯಾಟುಗಳಲ್ಲಿ ಸಹ ಅವರ ಹೆಸರಿನ ನಾಯಿಗಳು ಸೋಫಾದ ಮೆತ್ತೆಯನ್ನು ಕೆದಕುತ್ತ ಓಡಾಡುತ್ತಿವೆ. ಯಾಕೆ ಕೆದಕುತ್ತವೆ ಎಂಬ ಪ್ರಶ್ನೆಗೆ ಉತ್ತರ ಈ ಪಾದ್ರಿಗಳ ಚರಿತ್ರೆಯಲ್ಲಿಯೇ ಇದೆ.

ಜಾನ್ ರಸೆಲರು 1795ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಪ್ರಾಂತದ ಡಾರ್ಟ್‌ಮತ್ ಎಂಬ ರೇವುಪಟ್ಟಣದಲ್ಲಿ ಜನಿಸಿದರು. ಜಾಕ್ ಎಂಬುದು ಕರೆಯುವ ಹೆಸರು. ತಂದೆಯೂ ಪಾದ್ರಿಯೇ, ತಂದೆಗೂ ಬೇಟೆಯ ಹುಚ್ಚಿತ್ತು. ಟಿವರ್ಟನ್ ಊರಿನ ಬ್ಲಂಡೆಲ್ ಶಾಲೆಯಲ್ಲಿ ಓದುತ್ತಿದ್ದಾಗಲೇ ಬಾಲಕ ರಸೆಲ್ ಒಬ್ಬ ಜೊತೆಗಾರನೊಡನೆ ಗುಟ್ಟಾಗಿ ಬೇಟೆನಾಯಿಗಳನ್ನು ಸಾಕಿದ್ದ. ಗುಟ್ಟು ಹೆಡ್‌ಮಾಸ್ತರರ ಕಿವಿಗೆ ಬಿದ್ದು ಶಾಲೆಯಿಂದ ಹೊರಬೀಳುವ ಪ್ರಸಂಗ ಹತ್ತಿರ ಬಂದು ತಪ್ಪಿತು. ಬುದ್ಧಿಯಿಲ್ಲದ ಹುಡುಗನೇನಲ್ಲ. ವರ್ಷಕ್ಕೆ 30 ಪೌಂಡುಗಳಂತೆ ನಾಲ್ಕು ವರ್ಷದ ವಿದ್ಯಾರ್ಥಿವೇತನ ಗೆದ್ದ. ಆ ಹಣ ಕೈಗೆ ಬಂದೊಡನೆ ಮಾಡಿದ ಕೆಲಸವೆಂದರೆ ಕುದುರೆ ಕೊಂಡದ್ದು. ಈ ಒಂದು ಜಮಾ-ಖರ್ಚಿನಲ್ಲಿಯೇ ಅವರ ಎಂಬತ್ತೇಳು ವರ್ಷಗಳ ಬಾಳಿನ ಲಕ್ಷಣವೆಲ್ಲ ಕಾಣುತ್ತದೆಂದು ನಮಗೆ ತೋರುತ್ತದೆ.

ಇಲ್ಲಿ ಆ ದೇಶದ ಬೇಟೆಯ ರೀತಿಯನ್ನು ತುಸು ಹೇಳಬೇಕು; ಇಲ್ಲವಾದರೆ ಟೆರಿಯರಿನ ಕೆಲಸವೇನೆಂಬುದು ತಿಳಿಯದು. ಹತ್ತಿಪ್ಪತ್ತು ಜೊತೆ ಹೌಂಡುಗಳು, ಎಂದರೆ ದೊಡ್ಡ ಕಾಲಿನ ವಾಸನೆ ಹಿಡಿಯುವ ನಾಯಿಗಳು, ನರಿಯನ್ನು ಅಟ್ಟಿಸಿಕೊಂಡು ಹೋಗುತ್ತವೆ. ಅವುಗಳ ಹಿಂದೆ ಕುದುರೆಯ ಮೇಲೆ ಜನ. ನರಿಯೇನೂ ದಡ್ಡ ಪ್ರಾಣಿಯಲ್ಲ. ಓಡಿ ಓಡಿ ಸಾಕಾದಾಗ ಅದು ನೆಲದೊಳಗಿನ ಬಿಲವನ್ನು ಸೇರಿಕೊಳ್ಳುತ್ತದೆ. ಹೌಂಡುಗಳು ಅಲ್ಲಿಗೆ ನುಗ್ಗಲಾರವು. ಆಗ ಬೇಕಾದದ್ದು ಇನ್ನೊಂದು ಬಗೆಯ ನಾಯಿ: ಬಿಲದೊಳಗೆ ತೂರಬಲ್ಲಷ್ಟು ಚಿಕ್ಕದು, ಕುದುರೆಗಳ ಹಿಂದೆ ದಿನವಿಡೀ ಓಡಿಬರುವಷ್ಟು ಕಾಲುದ್ದ, ಕತ್ತಲಲ್ಲಿ ಹಲ್ಲು ಕಿರಿದ ನರಿಯ ಎದುರು ಹಿಂದೆ ಸರಿಯದಷ್ಟು ಎದೆಗಾರಿಕೆ. ಮಣ್ಣು ಎಂಬರ್ಥದ ಲ್ಯಾಟಿನ್ ಮಾತಿನಿಂದಲೇ ಟೆರಿಯರ್ ಎಂಬ ಹೆಸರು ಹುಟ್ಟಿದೆ. ಇದರ ಕೆಲಸ ನರಿಯನ್ನು ಕೊಲ್ಲುವುದಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಎದುರು ನಿಂತು ಬೊಗಳಿ, ಕಾಡಿ, ನರಿ ತಾನಾಗಿ ಹೊರಕ್ಕೆ ಓಡುವಂತೆ ಮಾಡಬೇಕು. ಒಳಗೇ ಕಚ್ಚಿ ಕೊಂದರೆ ಅಂದಿನ ಬೇಟೆಯೇ ಮುಗಿದುಹೋಯಿತು. ಧೈರ್ಯದ ಜೊತೆಗೆ ಸಂಯಮವೂ ಬೇಕಾದ ಕೆಲಸ ಅದು. ಹಕ್ಕಿಗೆ ಅನ್ನವಿಟ್ಟು ಉಣ್ಣುವ ಮನೆಗಳಲ್ಲಿ ಬೆಳೆದ ನಮಗೆ ಈ ಆಟವೆಲ್ಲ ರುಚಿಸುವಂಥದಲ್ಲ. ಆದರೂ ನಾಯಿಯ ಕೆಲಸವನ್ನು ಕೆಲಸವಾಗಿ ನೋಡಿದರೆ ಮೆಚ್ಚದೆ ಇರಲಾಗದು.

ರಸೆಲರು ಆಕ್ಸ್‌ಫರ್ಡಿನ ಎಕ್ಸಿಟರ್ ಕಾಲೇಜಿನಲ್ಲಿ ಓದುತ್ತಿದ್ದರು. ಮೇ ತಿಂಗಳ ಒಂದು ದಿನ ಮಾರ್ಸ್ಟನ್ ಎಂಬ ಹಳ್ಳಿಯ ಕಡೆಗೆ ತಿರುಗಾಡಲು ಹೋಗಿದ್ದಾಗ ಹಾಲು ಮಾರುವವನೊಬ್ಬ ಎದುರಾದ. ಅವನ ಜೊತೆಯಲ್ಲಿ ಒಂದು ಹೆಣ್ಣು ಟೆರಿಯರ್. ಬಿಳಿಯ ಮೈ, ಎರಡು ಕಣ್ಣು ಕಿವಿಗಳ ಮೇಲೆ ಕಂದು ಮಚ್ಚೆ, ಬಾಲದ ಬುಡದಲ್ಲಿ ಕಾಸಿನಗಲದ ಅಂಥದೇ ಇನ್ನೊಂದು ಮಚ್ಚೆ. ಕೂದಲು ಒತ್ತಾಗಿ ತುಸು ಒರಟು, ಕಾಲು ಬಾಣದಂತೆ ನೆಟ್ಟಗೆ, ಎತ್ತರ ಬೆಳೆದ ಹೆಣ್ಣು ನರಿಯಷ್ಟು. ಹುಡುಗ ಅಲ್ಲಿಯೇ ನಿಂತ. ನಾಯಿಯನ್ನು ಕೊಂಡ ಮೇಲೆಯೇ ಅಲ್ಲಿಂದ ಕಾಲು ತೆಗೆದ. ಅದರ ಹೆಸರು ಟ್ರಂಪ್. ಇಸ್ಪೀಟಿನ ತುರುಪಿಗೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ. ವಾಚಕರು ಬೇರೆ ಯಾರನ್ನೂ ನೆನೆಯಬೇಕಾಗಿಲ್ಲ. ಮುಂದೆ ಯುವರಾಜ ಎಡ್ವರ್ಡರು ಈ ನಾಯಿಯ ಚಿತ್ರವನ್ನು ತಮ್ಮ ಸ್ಯಾಂಡ್ರಿಂಗಂ ಅರಮನೆಯಲ್ಲಿ ತೂಗುಹಾಕಿಸಿಕೊಂಡರು. ಹಾಲಿನವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

1819ರಲ್ಲಿ ದೀಕ್ಷೆ ಪಡೆದು ರಸೆಲರು ಡೆವನ್ನಿನ ಜಾರ್ಜ್ ನಿಂಪ್ಟನ್ ಎಂಬಲ್ಲಿ ಸಹಾಯಕ ಪಾದ್ರಿಯಾದರು. 1826ರಲ್ಲಿ ಅಡ್ಮಿರಲ್ ಬ್ಯೂರಿಯವರ ಮಗಳು ಪೆನಲಪಿಯನ್ನು ಮದುವೆಯಾಗಿ, ತಂದೆಯ ಆಡಳಿತದಲ್ಲಿದ್ದ ಇಡೆಸ್ಲಿ ಹಳ್ಳಿಗೆ ಹೋದರು. ಅಲ್ಲಿಯ ರೈತರಿಗೆ ನರಿಯೆಂದರೆ ಕೋಳಿ-ಕುರಿಮರಿ ಕದಿಯುವ ಕಳ್ಳ. ಕಂಡಲ್ಲಿ ಹೊಡೆದು ಕೊಲ್ಲುತ್ತಿದ್ದರು. ಹೊಸ ಪಾದ್ರಿಗಳು ಅವರನ್ನು ಬೈದು, ಬೇಡಿ, ಒಲಿಸಿ ಆ ಕೊಲೆಯನ್ನು ನಿಲ್ಲಿಸಿದರು. ದಯೆಯಿಂದಲ್ಲ; ತಾವು ಬೇಟೆಯಾಡಲು ನರಿ ಉಳಿದಿರಬೇಕಲ್ಲ!

1830ರ ದಶಕದ ಆರಂಭದಲ್ಲಿ ಸ್ವಿಮ್‌ಬ್ರಿಜ್ ಎಂಬ ಹಳ್ಳಿಯ ಗುಡಿ ಇವರ ವಶಕ್ಕೆ ಬಂತು. ಅಲ್ಲಿ ನಲವತ್ತೈದು ವರ್ಷಗಳಿಗೂ ಹೆಚ್ಚು ಕಾಲ ಇದ್ದರು. ವಾರಕ್ಕೊಮ್ಮೆ ನಡೆಯುತ್ತಿದ್ದ ಪ್ರಾರ್ಥನೆಯನ್ನು ಹೆಚ್ಚಿಸಿದರು, ಶಾಲೆ ಕಟ್ಟಿಸಿದರು, ಆಸ್ಪತ್ರೆಗಳಿಗಾಗಿ ಊರೂರು ತಿರುಗಿ ಉಪದೇಶ ಮಾಡಿ ಹಣ ಕೂಡಿಸಿಕೊಟ್ಟರು. ಊರೂರು ಅಲೆಯುವ ಜಿಪ್ಸಿ ಜನ ಇತರರಿಗೆ ಕಳ್ಳರಾಗಿ ಕಂಡರೂ ಇವರಿಗೆ ಸ್ನೇಹಿತರಾಗಿದ್ದರು. ದೊಡ್ಡ ಕಂಠ, ಗಟ್ಟಿ ಮೈಕಟ್ಟು, ಕುಸ್ತಿಯಲ್ಲಿ ಪ್ರೀತಿ, ಯಾರ ಮನೆಯ ಬಾಗಿಲಲ್ಲಿಯೂ ಕುದುರೆ ನಿಲ್ಲಿಸಿ ಮಾತನಾಡುವ ಸರಳತನ. ರೈತರಿಗೆ ಇಂಥ ಪಾದ್ರಿ ಬೇಕಾದವರೇ ಆದರು.

ಬೇಡವಾದದ್ದು ಮೇಲಧಿಕಾರಿಗೆ. ಎಕ್ಸಿಟರಿನ ಬಿಷಪ್ ಹೆನ್ರಿ ಫಿಲ್‌ಪಾಟ್ಸರು ಕಟ್ಟುನಿಟ್ಟಿನ ಮನುಷ್ಯ. ಪಾದ್ರಿಗಳು ಕೆಂಪು ಅಂಗಿ ತೊಟ್ಟವರ ಜೊತೆ ಕುದುರೆ ಓಡಿಸುವುದು ಅವರಿಗೆ ಸಹಿಸಲಿಲ್ಲ. ಬೇಟೆಯ ದಿನವೆಂಬ ಕಾರಣಕ್ಕೆ ರಸೆಲರು ಒಂದು ಮಗುವಿನ ಶವಸಂಸ್ಕಾರವನ್ನು ಮುಂದೂಡಿದರೆಂದು ದೂರು ಹೋಯಿತು. ವಿಚಾರಣೆಯಲ್ಲಿ ಮಗುವಿನ ತಾಯಿಯೇ ಅದು ಸುಳ್ಳೆಂದು ಹೇಳಿದ್ದರಿಂದ ದೂರು ಬಿದ್ದುಹೋಯಿತು. ಆದರೂ ಬಿಷಪ್ಪರು ಬೇಟೆನಾಯಿಗಳನ್ನು ಬಿಟ್ಟುಬಿಡಬೇಕೆಂದು ಕೇಳಿದರಂತೆ. ರಸೆಲರು ವಿನಯದಿಂದ ಒಪ್ಪಿ, ಇನ್ನು ಮುಂದೆ ನಾಯಿಗಳನ್ನು ತಮ್ಮ ಹೆಂಡತಿ ಇಟ್ಟುಕೊಳ್ಳುವಳೆಂದು ತಿಳಿಸಿದರಂತೆ! ನಮ್ಮ ದೇಶದಲ್ಲಿ ಬೇನಾಮಿ ಎನ್ನುವುದು ಇದಕ್ಕೇ. ಕಥೆ ಎಷ್ಟು ನಿಜವೋ, ಆ ಊರಿನವರಂತೂ ಅದನ್ನು ಹೇಳಿ ನಗುತ್ತ ಬಂದಿದ್ದಾರೆ.

ನಗುವ ಮಾತಲ್ಲದ ಲೆಕ್ಕವೂ ಒಂದಿದೆ. ಸ್ವಿಮ್‌ಬ್ರಿಜ್ಜಿನ ವರಮಾನ ವರ್ಷಕ್ಕೆ 200 ಪೌಂಡಿಗೂ ಕಡಿಮೆ. ಅದರಲ್ಲಿ ಸಂಸಾರ, ಅತಿಥಿಗಳು, ಕುದುರೆಗಳು, ಹೌಂಡುಗಳ ಹಿಂಡು, ಟೆರಿಯರುಗಳು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಬುದ್ಧಿ ಇವರಿಗೆ ಕೊನೆಯವರೆಗೂ ಬರಲಿಲ್ಲ. ಪೆನಲಪಿಯ ತವರಿನ ಸೊತ್ತಿನ ಬಹುಭಾಗ ಈ ಲಾಯ-ಗೂಡುಗಳಿಗೆ ಹೋಯಿತೆಂದು ಹೇಳುವವರಿದ್ದಾರೆ. ಆ ತಾಯಿಗೂ ಬೇಟೆಯಲ್ಲಿ ಆಸಕ್ತಿಯಿತ್ತೆಂಬುದು ನಿಜ. ಆದರೆ ಬ್ಯಾಂಕಿನಲ್ಲಿ ಕುಳಿತು ಇಂಥ ಎಷ್ಟೋ ಖಾತೆಗಳನ್ನು ನೋಡಿರುವ ನಮಗೆ, ಗಂಡನ ಹವ್ಯಾಸಕ್ಕೆ ಹೆಂಡತಿಯ ಗಂಟು ಕರಗುವುದು ಕೇಳಿದಾಗ ಕನಿಕರ ಹುಟ್ಟುವುದು ಆಕೆಯ ಮೇಲೆ. ಕೈ ತೀರಾ ಕಟ್ಟಿದಾಗ ರಸೆಲರು ತಮ್ಮ ನಾಯಿಗಳನ್ನೆಲ್ಲ ಮಾರಿಬಿಡುತ್ತಿದ್ದರು. ಹೀಗೆ ಎಲ್ಲವನ್ನೂ ಮಾರಿದ್ದು ಒಂದು ಸಲವಲ್ಲ, ಕಡಿಮೆಯೆಂದರೆ ನಾಲ್ಕು ಸಲ. ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಮತ್ತೆ ಎಲ್ಲಿಂದಲೋ ನಾಯಿ ತಂದು ಮೊದಲಿನಿಂದ ಆರಂಭ.

ಈ ನಾಲ್ಕು ಮಾರಾಟಗಳು ನಮ್ಮ ವಿಷಯಕ್ಕೆ ಬಹು ಮುಖ್ಯ. ಟ್ರಂಪಿನಿಂದ ಇಂದಿನವರೆಗೆ ಎಳೆ ಕಡಿಯದೆ ಬಂದ ವಂಶಾವಳಿಯೆಂಬುದು ಯಾರ ಕೈಯಲ್ಲಿಯೂ ಇಲ್ಲ. ರಸೆಲರು ಜಾತಿಯೊಂದನ್ನು ಸೃಷ್ಟಿಸುತ್ತೇನೆಂದು ಹೊರಟವರೂ ಅಲ್ಲ. ಅವರು ಮಾಡಿದ್ದು ಬೇರೆ. ಯಾವ ಮನೆಯ ನಾಯಿಯಾದರೂ ಸರಿ, ಬಿಲದೊಳಗೆ ಸರಿಯಾಗಿ ಕೆಲಸ ಮಾಡಿದರೆ ಅದರಿಂದ ಮರಿ ಪಡೆದರು, ಮಾಡದಿದ್ದರೆ ಬಿಟ್ಟರು. ಬಿಳಿಯ ಬಣ್ಣವನ್ನು ಆರಿಸಿದ್ದು ಚಂದಕ್ಕಲ್ಲ. ಕೆಂಗಂದು ಬಣ್ಣದ ನಾಯಿ ಮಣ್ಣು ಮೆತ್ತಿಕೊಂಡು ಬಿಲದಿಂದ ಹೊರಬಂದರೆ ರೋಷದಲ್ಲಿರುವ ಹೌಂಡುಗಳು ಅದನ್ನೇ ನರಿಯೆಂದು ಭ್ರಮಿಸಿ ಹರಿದುಹಾಕಬಹುದು. ಬಿಳಿಯ ನಾಯಿಗೆ ಆ ಅಪಾಯ ಕಡಿಮೆ. ಎದೆಗೂಡು ಚಿಕ್ಕದಾಗಿ ಬಾಗುವಂತಿರಬೇಕು. ಮುಂಗಾಲುಗಳ ಹಿಂದೆ ಎರಡೂ ಕೈಗಳಿಂದ ಹಿಡಿದರೆ ಬೆರಳು ಬೆರಳಿಗೆ ಕೂಡಬೇಕೆಂಬ ಅಳತೆ ಈ ನಾಯಿಗಳಿಗೆ ಇಂದಿಗೂ ಇದೆ. ದೊಡ್ಡ ಎದೆಯ ನಾಯಿ ಎಷ್ಟು ಧೀರವಾದರೂ ಬಿಲದಲ್ಲಿ ಸಿಕ್ಕಿಕೊಳ್ಳುತ್ತದೆ. ಮಣ್ಣು ಕೆದಕುವುದು, ಕತ್ತಲ ಸಂದಿಗೆ ನುಗ್ಗುವುದು, ಬಿಡದೆ ಬೊಗಳುವುದು, ಯಜಮಾನ ಕೂಗಿದರೂ ಎದುರಿನ ಗುರಿ ಬಿಡದಿರುವುದು, ಇವೆಲ್ಲ ಹೀಗೆ ಆರಿಸಿ ಆರಿಸಿ ರಕ್ತದಲ್ಲಿ ಇಳಿದ ಗುಣಗಳು. ಮೂರನೆಯ ಮಹಡಿಯ ಮನೆಯಲ್ಲಿ ಅವು ತುಂಟತನವಾಗಿ ಕಾಣುತ್ತವೆ. ಮಕ್ಕಳ ಹಟಕ್ಕೆ ಸೋತು ಈ ನಾಯಿ ತರಲಿರುವವರು ಇದನ್ನು ಮೊದಲೇ ತಿಳಿದಿರುವುದು ಲೇಸು.

1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪಿತವಾಯಿತು. ನಾಯಿಗಳ ವಂಶಾವಳಿಯನ್ನು ದಾಖಲೆ ಮಾಡುವುದು, ಪ್ರದರ್ಶನಗಳಿಗೆ ನಿಯಮ ಮಾಡುವುದು ಅದರ ಕೆಲಸ. ಆರಂಭದ ಸದಸ್ಯರಲ್ಲಿ ರಸೆಲರೂ ಒಬ್ಬರು. ಮರುವರ್ಷ ಕ್ರಿಸ್ಟಲ್ ಪ್ಯಾಲೆಸ್ ಪ್ರದರ್ಶನದಲ್ಲಿ ಫಾಕ್ಸ್ ಟೆರಿಯರುಗಳ ತೀರ್ಪುಗಾರರಾಗಿಯೂ ಕುಳಿತರು. ಆದರೆ ತಮ್ಮ ಸ್ವಂತ ನಾಯಿಗಳನ್ನು ಒಮ್ಮೆಯೂ ಪ್ರದರ್ಶನಕ್ಕೆ ಒಯ್ಯಲಿಲ್ಲ. ಪ್ರದರ್ಶನದ ಟೆರಿಯರಿಗೂ ತಮ್ಮ ನಾಯಿಗಳಿಗೂ ಇರುವ ಅಂತರ ತೋಟದ ಗುಲಾಬಿಗೂ ಬೇಲಿಯ ಕಾಡುಗುಲಾಬಿಗೂ ಇರುವಷ್ಟೆಂಬುದು ಅವರ ಅಭಿಪ್ರಾಯವಾಗಿತ್ತು. ಅವರ ಭಯ ಸುಳ್ಳಾಗಲಿಲ್ಲ. ಪ್ರದರ್ಶನದ ಫಾಕ್ಸ್ ಟೆರಿಯರ್ ಕೆಲವೇ ದಶಕಗಳಲ್ಲಿ ಉದ್ದ ಮುಖದ, ಆಳ ಎದೆಯ, ನೋಡಲು ಬಲು ಸೊಗಸಾದ ನಾಯಿಯಾಯಿತು. ಬಿಲದೊಳಗೆ ಹೋಗುವ ಕೆಲಸ ಅದಕ್ಕೆ ಇಲ್ಲವಾಯಿತು.

ಮುಪ್ಪಿನಲ್ಲಿ ರಸೆಲರಿಗೆ ಕೀರ್ತಿ ಕೂಡಿಬಂತು. 1873ರ ಕ್ರಿಸ್ಮಸ್ಸಿಗೆ ಯುವರಾಜರ ಅತಿಥಿಯಾಗಿ ಸ್ಯಾಂಡ್ರಿಂಗಮ್ಮಿಗೆ ಹೋಗಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಯುವರಾಣಿಯೊಡನೆ ನೃತ್ಯವಾಡಿದರು. 1878ರಲ್ಲಿ, ಇನ್ನೂ ಬದುಕಿರುವಾಗಲೇ, ಡೇವೀಸ್ ಎಂಬ ಪಾದ್ರಿಗಳು ಇವರ ಚರಿತ್ರೆಯನ್ನು ಗ್ರಂಥವಾಗಿ ಪ್ರಕಟಿಸಿದರು. ಕೀರ್ತಿಯಿಂದ ಸಾಲ ತೀರುವುದಿಲ್ಲವಷ್ಟೆ. 1875ರ ಹೊಸವರ್ಷದ ದಿನ ಪೆನಲಪಿ ತೀರಿಕೊಂಡರು. ಎಂಬತ್ತು ದಾಟಿದ ಮುದುಕರು ಹೆಚ್ಚಿನ ವರಮಾನಕ್ಕಾಗಿ ಸ್ವಿಮ್‌ಬ್ರಿಜ್ ಬಿಟ್ಟು ಬ್ಲ್ಯಾಕ್ ಟಾರಿಂಗ್‌ಟನ್ ಎಂಬ ಬೇರೊಂದು ಊರಿಗೆ ಹೋಗಬೇಕಾಯಿತು. ನಾಲ್ಕೂವರೆ ದಶಕದ ನೆರೆಹೊರೆಯನ್ನು ಆ ವಯಸ್ಸಿನಲ್ಲಿ ಬಿಟ್ಟು ಹೊರಡುವುದೆಂದರೇನೆಂದು ಊರು ಬಿಟ್ಟು ಬಂದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿಯೇ 1883ರ ಏಪ್ರಿಲ್ 28ರಂದು ತೀರಿಕೊಂಡರು. ಆಗ ಮನೆಯಲ್ಲಿ ಉಳಿದಿದ್ದವು ನಾಲ್ಕೇ ಟೆರಿಯರುಗಳು. ನಾಲ್ಕೂ ಮುದಿ, ಮರಿ ಹಾಕುವ ವಯಸ್ಸು ದಾಟಿದವು. ದೇಹವನ್ನು ಸ್ವಿಮ್‌ಬ್ರಿಜ್ಜಿಗೇ ತಂದು ಹೆಂಡತಿಯ ಬಳಿಯಲ್ಲಿ ಮಣ್ಣು ಮಾಡಿದರು. ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರು. ಹಲವರು ಕಾಡುಹೂಗಳನ್ನು ತಂದಿದ್ದರು. ಆ ಊರಿನ ಮದ್ಯದಂಗಡಿಗೆ ಈಗ ಇವರದೇ ಹೆಸರು. ಫಲಕದ ಮೇಲೆ ಟ್ರಂಪಿನ ಚಿತ್ರ.

ಹೆಸರು ಬೆಳೆದದ್ದು ಆಮೇಲೆ. ಡಾರ್ಸೆಟ್ ಪ್ರಾಂತದ ಅಲಿಸ್ ಸೆರೆಲ್ ಎಂಬ ಮಹಿಳೆಯ ಬಳಿ ರಸೆಲರ ನಾಯಿಗಳ ಸಂತತಿ ಇತ್ತು. ಆಕೆಯಿಂದ ನಾಯಿಗಳನ್ನು ಪಡೆದ ಆರ್ಥರ್ ಹೈನೆಮನ್ ಎಂಬವರು 1894ರಲ್ಲಿ ಡೆವನ್ ಸಾಮರ್‌ಸೆಟ್ ಪ್ರಾಂತಗಳಲ್ಲಿ ನೆಲಕರಡಿಯ ಬೇಟೆಯ ಸಂಘವೊಂದನ್ನು ಕಟ್ಟಿದರು. ಅದು ಮುಂದೆ ಪಾದ್ರಿ ಜಾಕ್ ರಸೆಲ್ ಟೆರಿಯರ್ ಸಂಘವಾಯಿತು. ಈ ನಾಯಿ ಹೀಗಿರಬೇಕೆಂಬ ಮೊದಲ ಬರಹದ ಲಕ್ಷಣಪಟ್ಟಿಯನ್ನು 1904ರಲ್ಲಿ ಮಾಡಿದವರೂ ಹೈನೆಮನ್ನರೇ. ಪಾದ್ರಿಗಳು ಎಂದೂ ಬರೆದಿಡದ ಲಕ್ಷಣವನ್ನು ಅವರು ಸತ್ತು ಇಪ್ಪತ್ತೊಂದು ವರ್ಷಕ್ಕೆ ಇನ್ನೊಬ್ಬರು ಅವರ ಹೆಸರಿನಲ್ಲಿ ಬರೆದರು.

1930ರಲ್ಲಿ ಹೈನೆಮನ್ನರು ತೀರಿಕೊಂಡರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಸಂಘವೂ ಕಣ್ಮುಚ್ಚಿತು. ಯುದ್ಧಾನಂತರ ಬೇಟೆಗೆ ನಾಯಿ ಬೇಕಾದವರು ಕಡಿಮೆಯಾಗಿ ಮನೆಗೆ ಬೇಕಾದವರು ಹೆಚ್ಚಿದರು. ಕಾರ್ಗಿ, ಡ್ಯಾಷ್‌ಹಂಡ್ ಮುಂತಾದ ಗಿಡ್ಡ ಕಾಲಿನ ನಾಯಿಗಳ ರಕ್ತ ಬೆರೆತು ಕುಳ್ಳಗಿನ ಜಾಕ್ ರಸೆಲ್‌ಗಳು ಎಲ್ಲೆಲ್ಲಿಯೂ ತುಂಬಿಕೊಂಡವು. ಬಿಳಿಯ ಮೈಯ ಮೇಲೆ ಒಂದು ಮಚ್ಚೆಯಿದ್ದ ಚಿಕ್ಕ ನಾಯಿಗೆಲ್ಲ ಅದೇ ಹೆಸರು. ಟ್ರಂಪಿನ ಎತ್ತರ ಹೆಣ್ಣು ನರಿಯಷ್ಟು, ಎಂದರೆ ಸುಮಾರು 14 ಅಂಗುಲ. ಇವು 10ರಿಂದ 12 ಅಂಗುಲ. ಹಾಗಾದರೆ ಪಾದ್ರಿಗಳ ಹೆಸರಿಗೆ ನಿಜವಾದ ಹಕ್ಕುದಾರ ಯಾರು?

ಈ ವ್ಯಾಜ್ಯ ನಲವತ್ತು ವರ್ಷಕ್ಕೂ ಮೇಲ್ಪಟ್ಟು ನಡೆಯಿತು. 1974ರಲ್ಲಿ ಬ್ರಿಟನ್ನಿನಲ್ಲಿಯೂ 1976ರಲ್ಲಿ ಅಮೆರಿಕದಲ್ಲಿಯೂ ಜಾಕ್ ರಸೆಲ್ ಸಂಘಗಳು ಹುಟ್ಟಿದವು. ಕೆಲಸದ ನಾಯಿಗೆ ಕೆನಲ್ ಕ್ಲಬ್ಬಿನ ಮಾನ್ಯತೆಯೇ ಬೇಡ, ಬಂದರೆ ಫಾಕ್ಸ್ ಟೆರಿಯರಿಗೆ ಆದ ಗತಿಯೇ ಇದಕ್ಕೂ ಆಗುವುದೆಂಬುದು ಅವರ ವಾದ. ಇನ್ನೊಂದು ಪಕ್ಷದವರು, ಮಾನ್ಯತೆ ಪಡೆಯದಿದ್ದರೆ ಉದ್ದ ಕಾಲಿನ ಹಳೆಯ ನಾಯಿ ಬೆರಕೆಯಲ್ಲಿ ಕರಗಿಹೋಗುವುದೆಂದು 1983ರಲ್ಲಿ ಹೈನೆಮನ್ನರ ಹಳೆಯ ಸಂಘಕ್ಕೆ ಮರುಜೀವ ಕೊಟ್ಟರು. ಅವರ ಯತ್ನದಿಂದ 1990ರಲ್ಲಿ ಉದ್ದ ಕಾಲಿನ ನಾಯಿಗೆ ಬ್ರಿಟನ್ನಿನ ಮಾನ್ಯತೆ ದೊರೆಯಿತು. 1999ರಲ್ಲಿ ಹೆಸರಿನೊಳಗಿನ ಜಾಕ್ ಬಿದ್ದುಹೋಗಿ ಪಾರ್ಸನ್ ರಸೆಲ್ ಎಂದಾಯಿತು. ಅಮೆರಿಕದಲ್ಲಿ 1997ರಲ್ಲಿ ಜಾಕ್ ರಸೆಲ್ ಎಂದು ಮಾನ್ಯವಾದದ್ದು 2003ರಲ್ಲಿ ಅದೇ ಹೆಸರಿಗೆ ಬದಲಾಯಿತು. ಗಿಡ್ಡ ಕಾಲಿನದು ಆಸ್ಟ್ರೇಲಿಯಕ್ಕೆ ವಲಸೆ ಹೋಗಿ, ಅಲ್ಲಿ 1991ರಲ್ಲಿ ಮರ್ಯಾದೆ ಪಡೆದು, ತನ್ನ ಹುಟ್ಟಿದ ನಾಡಿನಲ್ಲಿ ಜಾಕ್ ರಸೆಲ್ ಎಂಬ ಹೆಸರಿನಿಂದ ಮಾನ್ಯವಾಗಲು 2016ರವರೆಗೆ ಕಾಯಬೇಕಾಯಿತು. ಹೀಗೆ ಒಬ್ಬ ಪಾದ್ರಿಗಳ ಹೆಸರು ಎರಡು ಪಾಲಾಗಿದೆ. ಪಾದ್ರಿಯೆಂಬ ಬಿರುದು ಉದ್ದ ಕಾಲಿನದಕ್ಕೆ, ಜಾಕ್ ಎಂಬ ಮುದ್ದು ಹೆಸರು ಗಿಡ್ಡ ಕಾಲಿನದಕ್ಕೆ. ನಮ್ಮನ್ನು ಕೇಳಿದರೆ ಎರಡೂ ಪಕ್ಷಗಳ ಮಾತಿನಲ್ಲಿ ಸತ್ಯವಿದೆ. ಆದರೆ ಕಾಲಿನ ಅಳತೆ ಹಿಡಿದು ರಸೆಲರ ಹೆಸರಿಗೆ ಹೊಡೆದಾಡಿದ್ದು ಸ್ವತಃ ರಸೆಲರಿಗೆ ನಗು ತರಿಸುತ್ತಿತ್ತು.

ಇದರ ನಡುವೆ ಬೇಟೆಗೇ ಕುತ್ತು ಬಂತು. 2004ರ ಶಾಸನದ ಪ್ರಕಾರ, 2005ರ ಫೆಬ್ರುವರಿಯಿಂದ ಇಂಗ್ಲೆಂಡ್ ಮತ್ತು ವೇಲ್ಸ್ ನಾಡುಗಳಲ್ಲಿ ಹೌಂಡುಗಳನ್ನು ಬಿಟ್ಟು ನರಿಯನ್ನು ಬೇಟೆಯಾಡುವುದು ನಿಷಿದ್ಧವಾಗಿದೆ. ಬಿಷಪ್ ಫಿಲ್‌ಪಾಟ್ಸರಿಂದಾಗದ್ದನ್ನು ಪಾರ್ಲಿಮೆಂಟು ಮಾಡಿತು. ಅದು ಸರಿಯಾಯಿತೆಂದೇ ನಮ್ಮ ಎಣಿಕೆ. ನರಿಯ ಬಿಲಕ್ಕೆಂದು ತಿದ್ದಿದ ನಾಯಿ ಈಗ ಅಲ್ಲಿ ಬಹುಮಟ್ಟಿಗೆ ಕೆಲಸವಿಲ್ಲದ ಕಸುಬುದಾರ. ಆದರೂ ಜಾಕ್ ರಸೆಲ್ ಸಂಘಗಳ ಲಕ್ಷಣಪಟ್ಟಿಯಲ್ಲಿ ಒಂದು ನಿಯಮ ಹಾಗೆಯೇ ಉಳಿದುಬಂದಿದೆ. ಕೆಲಸದಲ್ಲಿ ಆದ ಹಳೆಯ ಗಾಯದ ಕಲೆ ನಾಯಿಯ ಮುಖದ ಮೇಲೆ ಇದ್ದರೆ, ಅದರ ನಡಿಗೆಗೋ ಉಪಯೋಗಕ್ಕೋ ಅಡ್ಡಿಯಾಗದ ಪಕ್ಷದಲ್ಲಿ, ತೀರ್ಪುಗಾರರು ಅದಕ್ಕಾಗಿ ಅಂಕ ಕಳೆಯತಕ್ಕದ್ದಲ್ಲ.